ಫೋಟೊ ಮೆಚ್ಚಿ ನಾಯಿ ತರಬೇಡಿ

ಪ್ರಾಣಿ ಆಶ್ರಯಧಾಮಗಳಿಂದ ನಾಯಿ, ಬೆಕ್ಕು ದತ್ತು ತರುವ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವು ಇಲ್ಲಿವೆ. ಸಾಕುಪ್ರಾಣಿ ಚಿಕಿತ್ಸೆಯ ಪಶುವೈದ್ಯರು ಮತ್ತು ದತ್ತು ವಿಭಾಗ ನೋಡಿಕೊಳ್ಳುವವರು ಸೇರಿ ಉತ್ತರಿಸಿದ್ದಾರೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿದ್ದೇವೆ.

ಪ್ರಶ್ನೆ: ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಬಾಡಿಗೆ ಮನೆ. ನಾಯಿಮರಿ ದತ್ತು ಕೇಳಿದರೆ ಉದ್ದದ ಅರ್ಜಿ ತುಂಬಿ ಅಂತಾರೆ, ಮನೆ ನೋಡೋಕೆ ಬರ್ತೀವಿ ಅಂತಾರೆ, ಓನರ್ ಒಪ್ಪಿಗೆ ಪತ್ರ ಕೇಳ್ತಾರೆ. ಗತಿಯಿಲ್ಲದ ನಾಯಿಗೆ ಮನೆ ಕೊಡ್ತೀವಿ ಅಂದರೂ ಹೆಣ್ಣು ಕೊಡುವವರ ಹಾಗೆ ಯಾಕಿಷ್ಟು ವಿಚಾರಣೆ?
(ವಿಜಯನಗರ, ಬೆಂಗಳೂರು)

ಉತ್ತರ: ಹೋಲಿಕೆ ಸರಿಯಾಗಿಯೇ ಇದೆ. ಕೊಟ್ಟ ನಾಯಿ ವಾಪಸ್ ಬರುವ ಕಾರಣಗಳು ಎಲ್ಲ ಊರಲ್ಲೂ ಹೆಚ್ಚುಕಡಿಮೆ ಇವೇ: ಓನರ್ ಬಿಡಲಿಲ್ಲ, ಅತ್ತೆಗೆ ಆಗಿಬರಲಿಲ್ಲ, ಇಷ್ಟು ದೊಡ್ಡದಾಗುತ್ತೆ ಅಂತ ಗೊತ್ತಿರಲಿಲ್ಲ, ಊರಿಗೆ ಹೋಗುವಾಗ ನೋಡಿಕೊಳ್ಳುವವರಿಲ್ಲ. ಅರ್ಜಿಯ ಒಂದೊಂದು ಪ್ರಶ್ನೆಯ ಹಿಂದೆಯೂ ಹೀಗೆ ಮರಳಿ ಬಂದ ನಾಯಿಗಳಿವೆ. ಒಮ್ಮೆ ಮನೆಯ ಸುಖ ಕಂಡು ಮತ್ತೆ ಗೂಡಿಗೆ ಬಂದ ನಾಯಿಗೆ ಎರಡನೇ ಸಲ ಮನೆ ಹುಡುಕುವುದು ಕಷ್ಟ, ಅದರ ಸ್ವಭಾವವೂ ಕೆಟ್ಟಿರುತ್ತದೆ.

ಸಾಮಾನ್ಯ ಕ್ರಮ ಹೀಗಿರುತ್ತದೆ. ಮೊದಲು ಅರ್ಜಿ, ಆಮೇಲೆ ಫೋನಿನಲ್ಲಿ ಮಾತು. ನಂತರ ಮನೆಯವರೆಲ್ಲ ಆಶ್ರಯಧಾಮಕ್ಕೆ ಹೋಗಿ ಪ್ರಾಣಿಯನ್ನು ಕಾಣಬೇಕು. ಒಬ್ಬರೇ ಹೋಗಿ ಆರಿಸಿ ಬರುವುದನ್ನು ಅನೇಕ ಕಡೆ ಒಪ್ಪುವುದಿಲ್ಲ, ಒಪ್ಪಲೂಬಾರದು. ಅದಾದ ಮೇಲೆ ಮನೆ ಭೇಟಿ, ಇಲ್ಲವೇ ವಿಡಿಯೊ ಕರೆ. ಭೇಟಿಗೆ ಬಂದವರು ನಿಮ್ಮ ಸೋಫಾ ನೋಡುವುದಿಲ್ಲ. ಗೇಟಿನ ಸಂದು, ಬಾಲ್ಕನಿ ಕಂಬಿ, ಕಾಂಪೌಂಡಿನ ಎತ್ತರ, ನೀವಿಲ್ಲದಾಗ ನಾಯಿ ಇರುವ ಜಾಗ, ಇಷ್ಟನ್ನು ನೋಡುತ್ತಾರೆ. ಗುರುತಿನ ಚೀಟಿ, ವಿಳಾಸದ ದಾಖಲೆ, ಬಾಡಿಗೆಯವರಾದರೆ ಮಾಲೀಕರ ಒಪ್ಪಿಗೆ ಕೊಟ್ಟರೆ ಕರಾರುಪತ್ರಕ್ಕೆ ಸಹಿ. ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಷರತ್ತು ಇರುತ್ತವೆ: ಮರಿಯಾಗಿದ್ದರೆ ವಯಸ್ಸಿಗೆ ಬಂದಾಗ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕು, ಸದಾ ಕಟ್ಟಿಹಾಕಬಾರದು, ಬೇರೆಯವರಿಗೆ ಕೊಡಬಾರದು, ಸಾಕಲಾಗದಿದ್ದರೆ ಅಲ್ಲಿಗೇ ಮರಳಿಸಬೇಕು. ನಾಯಿಯನ್ನು ಹೊತ್ತುಗೊತ್ತಿಲ್ಲದೆ ಕಟ್ಟಿಹಾಕುವುದೂ, ಸಾಕಿದ್ದನ್ನು ಬೀದಿಗೆ ಬಿಡುವುದೂ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಕರಾರು ಇಲ್ಲದಿದ್ದರೂ ಅದು ಅನ್ವಯಿಸುತ್ತದೆ.

ನಿಮ್ಮ ವಿಷಯದಲ್ಲಿ ನಿಜವಾದ ತೊಡಕು ಬಾಡಿಗೆ ಮನೆಯಲ್ಲ, ಮರಿ ಬೇಕೆನ್ನುವುದು. ಮರಿಯ ವಯಸ್ಸು ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿ: ಅಷ್ಟು ಗಂಟೆಗಿಂತ ಹೆಚ್ಚು ಅದು ಮೂತ್ರ ತಡೆದುಕೊಳ್ಳಲಾರದು. ಎರಡು ತಿಂಗಳ ಮರಿ ಎಂದರೆ ಮೂರು ಗಂಟೆ. ನೀವು ಒಂಬತ್ತಕ್ಕೆ ಹೊರಟು ಏಳಕ್ಕೆ ಬರುವವರು. ಮಧ್ಯಾಹ್ನ ಬಂದು ಹೋಗುವವರು ಯಾರಾದರೂ ಇದ್ದರೆ ಎರಡು ವರ್ಷ ದಾಟಿದ, ಒಂಟಿಯಾಗಿರಲು ಅಂಜದ ನಾಯಿ ಕೇಳಿ. ಯಾರೂ ಇಲ್ಲವೆಂದರೆ ಒಟ್ಟಿಗೆ ಬೆಳೆದ ಎರಡು ದೊಡ್ಡ ಬೆಕ್ಕುಗಳು ನಿಮಗೆ ಇನ್ನೂ ಚೆನ್ನಾಗಿ ಹೊಂದುತ್ತವೆ.

ಎಲ್ಲಿ ಕೇಳಬೇಕೆಂದು ಹಲವರು ಬರೆದಿದ್ದಾರೆ. ಬೆಂಗಳೂರಿನಲ್ಲಿ ಕ್ರಿಸ್ಟಲ್ ರೋಜರ್ಸ್ 1991ರಲ್ಲಿ ಆರಂಭಿಸಿದ ಕ್ಯುಪಾ ಎಂಬ ಪ್ರಾಣಿದಯಾ ಸಂಸ್ಥೆ ಇದೆ, ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್ ಇದೆ. ಮೈಸೂರಿನಲ್ಲಿ ಪೀಪಲ್ ಫಾರ್ ಅನಿಮಲ್ಸ್, ಮಂಗಳೂರಿನ ಶಕ್ತಿನಗರದಲ್ಲಿ ಅನಿಮಲ್ ಕೇರ್ ಟ್ರಸ್ಟ್. ಇವಲ್ಲದೆ ಮನೆಯಲ್ಲೇ ನಾಲ್ಕೈದು ಪ್ರಾಣಿ ಇಟ್ಟುಕೊಂಡು ಒಳ್ಳೆಯ ಮನೆ ಸಿಕ್ಕಾಗ ಕೊಡುವವರು ಎಲ್ಲ ಊರಲ್ಲೂ ಇದ್ದಾರೆ, ನಿಮ್ಮ ಊರಿನ ಪಶುವೈದ್ಯರಿಗೆ ಅವರ ಪರಿಚಯ ಇರುತ್ತದೆ. ಫೋನ್ ಮಾಡಿದರೆ ಎತ್ತುವುದಿಲ್ಲ ಎಂಬ ದೂರು ಸುಳ್ಳಲ್ಲ. ನೂರಾರು ಪ್ರಾಣಿಗೆ ಬೆರಳೆಣಿಕೆಯ ಜನ ಇರುವ ಕಡೆ ಫೋನಿಗಿಂತ ಸಂದೇಶ ಕಳಿಸುವುದು ಲೇಸು.

ಪ್ರಶ್ನೆ: ಮನೆಯಲ್ಲಿ ಅರವತ್ತು ದಾಟಿದ ನಾನು ಮತ್ತು ನಮ್ಮ ಯಜಮಾನರು ಮಾತ್ರ. ಆಶ್ರಯಧಾಮಕ್ಕೆ ಹೋದಾಗ ಯಾವ ನಾಯಿ ಒಳ್ಳೆಯದು ಅಂತ ಹೇಗೆ ಕಂಡುಹಿಡಿಯುವುದು? ದೊಡ್ಡ ನಾಯಿ ಹೊಸ ಮನೆಗೆ ಒಗ್ಗುತ್ತದೆಯೇ?
(ಹಾಸನ)

ಉತ್ತರ: ಒಗ್ಗುತ್ತದೆ. ನಾಯಿಬಾಲದ ಡೊಂಕಿನ ಗಾದೆ ಮನುಷ್ಯರ ಬಗ್ಗೆ ಹೇಳಿದ್ದು, ಐದು ವರ್ಷದ ನಾಯಿ ಹೊಸ ಮನೆಯ ಪಾಠ ಕಲಿಯುತ್ತದೆ. ನಿಮ್ಮಂಥವರಿಗೆ ನಾಲ್ಕರಿಂದ ಎಂಟು ವರ್ಷದ, ಹದಿನೈದು ಕಿಲೋ ಒಳಗಿನ ನಾಟಿ ನಾಯಿ ಸರಿ. ಅದರ ಗಾತ್ರ, ಗುಣ, ಆರೋಗ್ಯ ಎಲ್ಲವೂ ಕಣ್ಣೆದುರು ಇರುತ್ತದೆ. ಮರಿಯಲ್ಲಿ ಇದ್ಯಾವುದೂ ಗೊತ್ತಾಗುವುದಿಲ್ಲ.

ಗೂಡಿನೊಳಗಿನ ನಾಯಿಯನ್ನು ನೋಡಿ ತೀರ್ಮಾನ ಮಾಡಬೇಡಿ. ಸುತ್ತ ಐವತ್ತು ನಾಯಿ ಬೊಗಳುವಾಗ ಸಾಧುವೂ ಕೂಗಾಡುತ್ತದೆ. ಹೊರಗೆ ಕರೆತರಲು ಹೇಳಿ, ಸದ್ದಿಲ್ಲದ ಮೂಲೆಯಲ್ಲಿ ಸ್ಟೂಲ್ ಮೇಲೆ ಪಕ್ಕಕ್ಕೆ ತಿರುಗಿ ಕುಳಿತುಕೊಳ್ಳಿ, ಕರೆಯಬೇಡಿ. ಐದು ನಿಮಿಷದೊಳಗೆ ತಾನಾಗಿ ಬಂದು ಮೂಸುವ ನಾಯಿ ಮನುಷ್ಯರನ್ನು ಬಯಸುವ ನಾಯಿ. ಬೆನ್ನು ಸವರಿ ಮೂರು ಎಣಿಸಿ ಕೈ ತೆಗೆಯಿರಿ: ಮತ್ತೆ ಹತ್ತಿರ ಬಂದರೆ ಅದಕ್ಕೆ ಮುಟ್ಟಿಸಿಕೊಳ್ಳುವುದು ಇಷ್ಟ. ಮೈ ಬಿಗಿ ಹಿಡಿದು, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡಿದರೆ ಅದಕ್ಕೆ ಭಯ. ಕೀ ಗೊಂಚಲನ್ನು ಸ್ವಲ್ಪ ದೂರದಲ್ಲಿ ಕೆಳಕ್ಕೆ ಬೀಳಿಸಿ. ಬೆಚ್ಚುವುದು ಸಹಜ, ಎಷ್ಟು ಬೇಗ ಸುಧಾರಿಸಿಕೊಳ್ಳುತ್ತದೆ ಎಂಬುದನ್ನು ಗಮನಿಸಿ. ಕೊನೆಗೆ ಹಗ್ಗ ಹಿಡಿದು ಐವತ್ತು ಹೆಜ್ಜೆ ನಡೆಸಿ. ನಿಮ್ಮನ್ನು ಎಳೆದು ಬೀಳಿಸುವಂತಿದ್ದರೆ ಅದೆಷ್ಟೇ ಮುದ್ದಾಗಿದ್ದರೂ ಬೇಡ.

ಅಲ್ಲಿ ದಿನವೂ ಊಟ ಹಾಕುವ ಹುಡುಗನನ್ನು ಮಾತಾಡಿಸಿ. ಊಟದ ತಟ್ಟೆ ಹತ್ತಿರ ಹೋದರೆ ಗುರ್ರೆನ್ನುತ್ತದೆಯೇ, ಇತರ ನಾಯಿಗಳ ಜತೆ ಹೇಗೆ, ಮಕ್ಕಳು ಬಂದಾಗ ಏನು ಮಾಡುತ್ತದೆ, ಯಾರನ್ನಾದರೂ ಕಚ್ಚಿದ್ದುಂಟೇ, ಮೊದಲು ಸಾಕಿದವರು ಯಾಕೆ ಬಿಟ್ಟರು. ಇವು ಕಡತಕ್ಕಿಂತ ಅವನಿಗೆ ಚೆನ್ನಾಗಿ ಗೊತ್ತಿರುತ್ತವೆ. ಹದಿನೈದು ದಿನ ಮನೆಯಲ್ಲಿಟ್ಟುಕೊಂಡು ನೋಡುವ ಫಾಸ್ಟರ್ ವ್ಯವಸ್ಥೆ ಇದ್ದರೆ ಅದನ್ನೇ ಕೇಳಿ.

ಪ್ರಶ್ನೆ: ಎರಡು ತಿಂಗಳ ಮರಿ ತಂದೆವು, ಮೊದಲ ಲಸಿಕೆ ಆಗಿತ್ತು. ಐದನೇ ದಿನ ವಾಂತಿ, ರಕ್ತ ಬೆರೆತ ಭೇದಿ. ಪಾರ್ವೊ ಎಂದರು, ಉಳಿಯಲಿಲ್ಲ. ಲಸಿಕೆ ಹಾಕಿದ್ದರೂ ಹೇಗೆ ಬಂತು? ಆಶ್ರಯಧಾಮದವರು ರೋಗದ ಮರಿ ಕೊಟ್ಟರೇ? ಮತ್ತೊಂದು ಮರಿ ಯಾವಾಗ ತರಬಹುದು?
(ತುಮಕೂರು)

ಉತ್ತರ: ಪಾರ್ವೊ ವೈರಾಣು ಮೈ ಸೇರಿದ ಮೂರರಿಂದ ಏಳು ದಿನಕ್ಕೆ ಲಕ್ಷಣ ತೋರುವುದು ಸಾಮಾನ್ಯ, ಕೆಲವೊಮ್ಮೆ ಎರಡು ವಾರವೂ ಆಗುತ್ತದೆ. ಐದನೇ ದಿನ ಕಾಣಿಸಿತೆಂದರೆ ಆಶ್ರಯಧಾಮದಲ್ಲೇ ತಗುಲಿರಬಹುದು, ದಾರಿಯಲ್ಲಿ ಅಥವಾ ಮನೆಗೆ ಬಂದ ದಿನ ನಿಮ್ಮ ಚಪ್ಪಲಿಯಿಂದಲೂ ತಗುಲಿರಬಹುದು. ಕೊಡುವ ದಿನ ಮರಿ ಆಡಿಕೊಂಡೇ ಇರುತ್ತದೆ, ನೋಡಿ ಹೇಳಲು ಬರುವುದಿಲ್ಲ. ಆದರೂ ಸುದ್ದಿಯನ್ನು ಅವರಿಗೆ ಅದೇ ದಿನ ಮುಟ್ಟಿಸಬೇಕಿತ್ತು: ಅದರ ಒಡಹುಟ್ಟುಗಳನ್ನು ಬೇರ್ಪಡಿಸಿದರೆ ಉಳಿಸಿಕೊಳ್ಳಬಹುದು.

ಲಸಿಕೆ ಒಂದು ಡೋಸಿಗೆ ಮುಗಿಯುವುದಿಲ್ಲ. ತಾಯಿಯ ಮೊದಲ ಹಾಲಿನಿಂದ ಬಂದ ರೋಗನಿರೋಧಕ ಶಕ್ತಿ ಮರಿಯ ರಕ್ತದಲ್ಲಿ ಇರುವಷ್ಟು ದಿನ, ಹಾಕಿದ ಲಸಿಕೆಯನ್ನೂ ಅದು ಅಳಿಸಿಹಾಕುತ್ತದೆ. ಅದು ಯಾವ ವಾರ ಇಳಿಯುತ್ತದೆಂಬುದು ಮರಿಯಿಂದ ಮರಿಗೆ ಬೇರೆ. ಅದಕ್ಕೇ 6ರಿಂದ 8 ವಾರಕ್ಕೆ ಶುರುಮಾಡಿ ಮೂರು ನಾಲ್ಕು ವಾರಕ್ಕೊಮ್ಮೆ ಹಾಕುತ್ತ, ಕೊನೆಯ ಡೋಸ್ 16ನೇ ವಾರ ಅಥವಾ ಅದರ ನಂತರ ಬೀಳುವಂತೆ ಲೆಕ್ಕ ಹಾಕುವುದು. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಬಹಳ ಮಂದಿ ಎರಡು ಡೋಸ್ ಹಾಕಿಸಿ ಕಾರ್ಡು ಎತ್ತಿಡುತ್ತಾರೆ, ಅಲ್ಲೇ ತಪ್ಪುವುದು. ಕೊನೆಯ ಡೋಸ್ ಆಗಿ ವಾರ ಕಳೆಯುವ ತನಕ ಮರಿಯನ್ನು ಪಾರ್ಕಿಗೆ, ಬೀದಿಗೆ ಇಳಿಸಬೇಡಿ. ಎತ್ತಿಕೊಂಡು ತಿರುಗಾಡಿಸಬಹುದು.

ಇನ್ನು ಮನೆ ಶುದ್ಧಿ. ಫಿನಾಯಿಲ್ ಹಾಕಿ ಒರೆಸಿದ್ದೇವೆ ಎಂದು ಬರೆದಿದ್ದೀರಿ. ಪಾರ್ವೊ ಫಿನಾಯಿಲ್‌ಗೆ ಜಗ್ಗುವುದಿಲ್ಲ. ಮೊದಲು ಸೋಪಿನ ನೀರಲ್ಲಿ ಉಜ್ಜಿ ಕೊಳೆ ತೆಗೆಯಿರಿ, ಏಕೆಂದರೆ ಮಲದ ಅಂಶ ಉಳಿದರೆ ಬ್ಲೀಚ್ ಕೆಲಸ ಮಾಡುವುದಿಲ್ಲ. ಆಮೇಲೆ ಅಂಗಡಿಯಲ್ಲಿ ಸಿಗುವ ದ್ರವ ಬ್ಲೀಚ್ ಒಂದು ಪಾಲಿಗೆ ಮೂವತ್ತು ಪಾಲು ನೀರು ಬೆರೆಸಿ ನೆಲಕ್ಕೆ ಸುರಿದು ಹತ್ತು ನಿಮಿಷ ಹಸಿಯಾಗಿ ಬಿಡಿ, ನಂತರ ತೊಳೆಯಿರಿ. ಫಿನಾಯಿಲ್ ಜತೆಗಾಗಲಿ ಆಸಿಡ್ ಜತೆಗಾಗಲಿ ಬೆರೆಸಬೇಡಿ. ಚಾಪೆ, ಮೆತ್ತೆ, ಬಟ್ಟೆ ಬೊಂಬೆಗಳನ್ನು ಎಸೆಯುವುದೇ ಕ್ಷೇಮ. ಅಂಗಳದ ಮಣ್ಣಿಗೆ ಮಾತ್ರ ಬ್ಲೀಚಿನಿಂದ ಉಪಯೋಗವಿಲ್ಲ, ನೆರಳಿನ ಮಣ್ಣಲ್ಲಿ ವೈರಾಣು ವರ್ಷದವರೆಗೂ ಉಳಿಯಬಹುದು.

ಆದ್ದರಿಂದ ಒಂದು ವರ್ಷ ಮರಿ ಬೇಡ. ಲಸಿಕೆ ಪೂರ್ತಿಯಾದ ದೊಡ್ಡ ನಾಯಿಯನ್ನು ಮನೆ ಶುದ್ಧಿಯಾದ ಮೇಲೆ ತರಬಹುದು. ಮುಂದೆಂದಾದರೂ ಮರಿ ತಂದಾಗ ಊಟ ಬಿಟ್ಟು ವಾಂತಿ ಶುರುವಾದರೆ ಗಂಜಿ, ಮಜ್ಜಿಗೆ, ಜೀರಿಗೆ ನೀರು ಎಂದು ಒಂದು ದಿನ ಕಾಯಬೇಡಿ. ಮಲದಿಂದ ಪರೀಕ್ಷಿಸುವ ಕಿಟ್ ಹತ್ತು ನಿಮಿಷದಲ್ಲಿ ಉತ್ತರ ಹೇಳುತ್ತದೆ. ರಕ್ತಭೇದಿ ಕೊಕ್ಕೆಹುಳುವಿನಿಂದಲೂ ಆಗುತ್ತದೆ, ಅದರ ಚಿಕಿತ್ಸೆಯೇ ಬೇರೆ. ಪಾರ್ವೊದಲ್ಲಿ ಮರಿ ಸಾಯುವುದು ಬಹುಮಟ್ಟಿಗೆ ನೀರು ಬತ್ತಿ ಮತ್ತು ಕರುಳಿನ ಸೋಂಕು ರಕ್ತಕ್ಕೆ ಏರಿ. ಮೊದಲ ದಿನವೇ ಡ್ರಿಪ್ ಹಾಕಿಸಿದ ಮರಿಗಳಲ್ಲಿ ಹೆಚ್ಚಿನವು ಉಳಿಯುತ್ತವೆ.

ಪ್ರಶ್ನೆ: ಮೂರು ವರ್ಷದ ಹೆಣ್ಣು ನಾಯಿ ತಂದು ನಾಲ್ಕು ದಿನ ಆಯಿತು. ಮಂಚದ ಕೆಳಗಿನಿಂದ ಬರುವುದಿಲ್ಲ, ಸರಿಯಾಗಿ ತಿನ್ನುವುದಿಲ್ಲ, ಮನೆಯೊಳಗೇ ಮೂತ್ರ. ಅಲ್ಲಿ ಚೂಟಿಯಾಗಿತ್ತು. ಬೇರೆ ನಾಯಿ ಕೊಟ್ಟುಬಿಟ್ಟರೇ ಅನಿಸುತ್ತಿದೆ.
(ದಾವಣಗೆರೆ)

ಉತ್ತರ: ಅದೇ ನಾಯಿ. ಮೂರು ದಿನ ಗಾಬರಿ, ಮೂರು ವಾರ ಮನೆಯ ಕ್ರಮ ಕಲಿಕೆ, ಮೂರು ತಿಂಗಳಿಗೆ ಇದು ನನ್ನ ಮನೆ ಎಂಬ ಭಾವ: ದತ್ತು ಕೊಡುವವರು ಹೇಳುವ ಸ್ಥೂಲ ಲೆಕ್ಕ ಇದು. ಅಂಜುಬುರುಕ ನಾಯಿಗೆ ಇನ್ನೂ ಹೆಚ್ಚು ಹಿಡಿಯುತ್ತದೆ.

ಮಂಚದ ಕೆಳಗಿಂದ ಎಳೆಯಬೇಡಿ, ಅದು ಕಚ್ಚಿಸಿಕೊಳ್ಳುವ ದಾರಿ. ನೀರು, ಊಟ ಎರಡನ್ನೂ ಅದರಿಂದ ಒಂದು ಮಾರು ದೂರದಲ್ಲಿಟ್ಟು ಆ ಕೋಣೆಯಿಂದ ಹೊರಬನ್ನಿ. ಆಶ್ರಯಧಾಮದಲ್ಲಿ ತಿನ್ನುತ್ತಿದ್ದುದನ್ನೇ ಕೇಳಿ ತಂದು ಹಾಕಿ. ಮೊದಲ ವಾರವೇ ಒಳ್ಳೆಯ ಊಟ ಹಾಕೋಣ ಎಂದು ಬದಲಿಸಿದರೆ ಭೇದಿಯಾಗುತ್ತದೆ, ಆಗ ರೋಗವೋ ಊಟವೋ ಗೊತ್ತಾಗುವುದಿಲ್ಲ. ಎರಡನೇ ವಾರದಿಂದ ಕಾಲು ಭಾಗ ಹೊಸದು, ಮುಕ್ಕಾಲು ಹಳೆಯದು ಎಂದು ಶುರುಮಾಡಿ ಏಳೆಂಟು ದಿನದಲ್ಲಿ ಪೂರ್ತಿ ಬದಲಿಸಿ. ನೆಂಟರಿಷ್ಟರು ನೋಡಲು ಬರುವುದನ್ನು ಎರಡು ವಾರ ಮುಂದಕ್ಕೆ ಹಾಕಿ. ಸ್ನಾನವೂ ಆಮೇಲೆ.

ಮೂತ್ರದ ವಿಷಯ: ಗೂಡಿನಲ್ಲಿದ್ದ ನಾಯಿಗೆ ಸಿಮೆಂಟ್ ನೆಲವೇ ಶೌಚದ ಜಾಗ. ನಿಮ್ಮ ಹಾಲ್ ಅದಕ್ಕೆ ಹಾಗೇ ಕಾಣುತ್ತದೆ. ಎದ್ದ ಕೂಡಲೇ, ಉಂಡ ಕಾಲು ಗಂಟೆಗೆ, ಮಲಗುವ ಮುಂಚೆ, ನಡುವೆ ಮೂರು ಗಂಟೆಗೊಮ್ಮೆ ಒಂದೇ ಜಾಗಕ್ಕೆ ಕರೆದೊಯ್ಯಿರಿ. ಅಲ್ಲಿ ಮಾಡಿದ ತಕ್ಷಣ ಒಂದು ತುಣುಕು ತಿನಿಸು ಕೊಡಿ, ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಬಹುಮಾನ ಎಂದುಕೊಳ್ಳುತ್ತದೆ. ಮೂತಿಯನ್ನು ಮೂತ್ರಕ್ಕೆ ಒತ್ತುವ ಹಳೇ ಪದ್ಧತಿಯಿಂದ ಅದು ಕಲಿಯುವುದು ನಿಮ್ಮ ಕಣ್ಣು ತಪ್ಪಿಸಿ ಸೋಫಾ ಹಿಂದೆ ಮಾಡುವುದನ್ನು.

ಎಲ್ಲಕ್ಕಿಂತ ಅಪಾಯದ ವಿಷಯವನ್ನು ನೀವು ಕೇಳಿಲ್ಲ: ಓಡಿಹೋಗುವುದು. ದತ್ತು ನಾಯಿಗಳು ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಮೊದಲ ಎರಡು ವಾರದಲ್ಲೇ. ಪಟಾಕಿ ಸದ್ದಿಗೋ ಸ್ಕೂಟರ್ ಹಾರನ್‌ಗೋ ಬೆಚ್ಚಿ ತಲೆ ಹಿಂದೆಳೆದುಕೊಂಡರೆ ಕತ್ತುಪಟ್ಟಿ ಜಾರಿಬಿಡುತ್ತದೆ. ಪಟ್ಟಿಯೊಳಗೆ ಎರಡು ಬೆರಳು ಮಾತ್ರ ಹೋಗುವಂತಿರಬೇಕು. ಅದಲ್ಲದೆ ಎದೆಗೆ ಹಾರ್ನೆಸ್ ಹಾಕಿ, ಎರಡಕ್ಕೂ ಬೇರೆ ಬೇರೆ ಹಗ್ಗ ಕಟ್ಟಿ. ಪಟ್ಟಿಯ ಮೇಲೆ ನಿಮ್ಮ ಮೊಬೈಲ್ ಸಂಖ್ಯೆ ಬರೆದ ಬಿಲ್ಲೆ ಇರಲಿ. ಚರ್ಮದಡಿ ಮೈಕ್ರೋಚಿಪ್ ಹಾಕಿಸಿದ್ದೇವಲ್ಲ ಎಂದು ಸುಮ್ಮನಿರಬೇಡಿ: ಅಕ್ಕಿಕಾಳಿನಷ್ಟಿರುವ ಆ ಚಿಪ್ಪಿನಲ್ಲಿ ಇರುವುದು 15 ಅಂಕಿಯ ಒಂದು ಸಂಖ್ಯೆ ಅಷ್ಟೇ, ನಾಯಿ ಎಲ್ಲಿದೆ ಎಂದು ಅದು ತೋರಿಸುವುದಿಲ್ಲ.

ನಾಯಿ ಎರಡು ದಿನ ಅರೆಹೊಟ್ಟೆಯಲ್ಲಿದ್ದರೆ ಚಿಂತೆಯಿಲ್ಲ, ನೀರು ಕುಡಿಯುತ್ತಿರಬೇಕು. ಬೆಕ್ಕಿನ ಲೆಕ್ಕ ಬೇರೆ. ಹೊಸ ಮನೆಗೆ ಬಂದ ಬೆಕ್ಕು 48 ಗಂಟೆ ಏನೂ ಮುಟ್ಟದಿದ್ದರೆ ವೈದ್ಯರಲ್ಲಿಗೆ ಒಯ್ಯಲೇಬೇಕು. ಉಪವಾಸ ಬಿದ್ದ ಬೆಕ್ಕಿನ ಯಕೃತ್ತಿಗೆ ಕೊಬ್ಬು ತುಂಬಿಕೊಳ್ಳುತ್ತದೆ, ದಪ್ಪ ಬೆಕ್ಕಿಗೆ ಇದು ಇನ್ನೂ ಬೇಗ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಹಾಲನ್ನ, ಮೊಸರನ್ನ ಹಾಕಿ ಬೆಕ್ಕು ಸಾಕಬಹುದೇ? ಹಾಗೆಂದದ್ದಕ್ಕೆ ಬೆಕ್ಕು ಕೊಡುವುದಿಲ್ಲ ಎಂದರು.
(ಉಡುಪಿ)

ಉತ್ತರ: ಅವರು ಹೇಳಿದ್ದು ಸರಿ. ಬೆಕ್ಕಿನ ದೇಹ ಟಾರಿನ್ ಎಂಬ ಅಂಶವನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು, ಅದು ಸಿಗುವುದು ಮಾಂಸ ಮೀನಿನಲ್ಲಿ. ತಿಂಗಳುಗಟ್ಟಲೆ ಅದು ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯದ ಸ್ನಾಯು ಸಡಿಲವಾಗುತ್ತದೆ. ಅಜ್ಜಿ ಮನೆಯ ಬೆಕ್ಕು ಹಾಲನ್ನದಲ್ಲೇ ಬದುಕಿತ್ತಲ್ಲ ಎನ್ನುವವರು ಅಟ್ಟದ ಇಲಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಫ್ಲ್ಯಾಟಿನ ಬೆಕ್ಕಿಗೆ ಇಲಿ ಎಲ್ಲಿಂದ ಬರಬೇಕು? ಅಷ್ಟೇ ಅಲ್ಲ, ಕಣ್ಮುಚ್ಚಿ ಹಾಲು ಕುಡಿದು ಹೆಸರು ಕೆಡಿಸಿಕೊಂಡ ಈ ಪ್ರಾಣಿಗೆ, ದೊಡ್ಡದಾದ ಮೇಲೆ, ಆ ಹಾಲೇ ಸಾಮಾನ್ಯವಾಗಿ ಜೀರ್ಣವಾಗುವುದಿಲ್ಲ.

ಅಡುಗೆಮನೆಗೆ ಮಾಂಸ ತರದೆಯೂ ದಾರಿ ಇದೆ. ಬೆಕ್ಕಿಗೆಂದೇ ಮಾಡಿದ, ಪೊಟ್ಟಣದ ಮೇಲೆ ಪರಿಪೂರ್ಣ ಆಹಾರ ಎಂದು ನಮೂದಿಸಿದ ಒಣ ಮತ್ತು ಹಸಿ ಆಹಾರವನ್ನು ಬಾಲ್ಕನಿಯಲ್ಲಿ ಬೇರೆ ತಟ್ಟೆಗೆ ಹಾಕಬಹುದು. ನಾಲ್ಕು ಕಿಲೋ ಬೆಕ್ಕಿಗೆ ದಿನಕ್ಕೆ 200ರಿಂದ 250 ಕ್ಯಾಲೊರಿ ಸಾಕು. ನಾಯಿಯ ಆಹಾರ ಅಗ್ಗವೆಂದು ಬೆಕ್ಕಿಗೆ ಹಾಕಬೇಡಿ, ಅದರಲ್ಲಿ ಬೆಕ್ಕಿಗೆ ಬೇಕಾದಷ್ಟು ಟಾರಿನ್ ಇರುವುದಿಲ್ಲ. ಇದಕ್ಕೂ ಮನಸ್ಸೊಪ್ಪದಿದ್ದರೆ ನಾಯಿ ಸಾಕಿ. ನಾಯಿ ಸಸ್ಯಾಹಾರದಲ್ಲಿ ಬದುಕಬಲ್ಲದು, ಆದರೆ ಬರೀ ರಾಗಿ ಗಂಜಿ, ಮೊಸರನ್ನದಲ್ಲಿ ಅಲ್ಲ. ರಾಗಿಯಲ್ಲಿ ಸುಣ್ಣದ ಅಂಶ ಚೆನ್ನಾಗಿದೆ, ಪ್ರೋಟೀನ್ ಸಾಲದು. ಮೊಟ್ಟೆ, ಪನೀರ್, ಬೇಯಿಸಿದ ಕಾಳು ಎಷ್ಟು ಬೇಕೆಂದು ನಾಯಿಯ ತೂಕ ಹೇಳಿ ಪಶುವೈದ್ಯರಿಂದ ಬರೆಸಿಕೊಳ್ಳಿ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಎರಡಕ್ಕೂ ವಿಷ. ಪಾಯಸದ ದ್ರಾಕ್ಷಿ ಮರೆತುಹೋಗುತ್ತದೆ, ನೆನಪಿರಲಿ.

ಪ್ರಶ್ನೆ: ಏಳನೇ ಮಹಡಿ. ಬಾಲ್ಕನಿಗೆ ಪಾರಿವಾಳದ ಬಲೆ ಇದೆ. ಆದರೂ ಬೆಕ್ಕಿಗೆ ಸಾಲದು ಅಂತಾರೆ, ಯಾಕೆ?
(ಮಂಗಳೂರು)

ಉತ್ತರ: ನೈಲಾನ್ ಬಲೆಯನ್ನು ಬೆಕ್ಕು ಕಚ್ಚಿ ಹರಿಯುತ್ತದೆ, ಬಿಸಿಲಿಗೆ ಎರಡು ಮೂರು ವರ್ಷಕ್ಕೆ ಅದು ತಾನೇ ಜೀರ್ಣವಾಗುತ್ತದೆ, ಮೂಲೆಯ ಕೊಕ್ಕೆ ಒಂದು ಕಳಚಿದರೂ ಸಂದು ಸಿಕ್ಕಂತೆ. ಒಂದು ಇಂಚು ಅಥವಾ ಅದಕ್ಕಿಂತ ಸಣ್ಣ ಕಣ್ಣಿನ ಸ್ಟೀಲ್ ಜಾಲರಿಯನ್ನು ಚೌಕಟ್ಟಿಗೆ ಸ್ಕ್ರೂ ಹಾಕಿ ಕೂರಿಸಿ. ಅಡುಗೆಮನೆ, ಬಚ್ಚಲಿನ ಕಿಟಕಿ ಮರೆಯಬೇಡಿ. ಬೆಕ್ಕು ಎಷ್ಟು ಎತ್ತರದಿಂದ ಬಿದ್ದರೂ ಕಾಲಮೇಲೇ ನಿಲ್ಲುತ್ತದೆ ಎಂಬ ಮಾತನ್ನು ನಂಬಿ ದವಡೆ, ಎದೆ, ಕಾಲು ಮುರಿದ ಬೆಕ್ಕುಗಳನ್ನು ಹೊತ್ತು ತರುವವರಿಗೆ ಕಡಿಮೆಯಿಲ್ಲ.

ಮನೆಯಲ್ಲಿ ಈಗಾಗಲೇ ಒಂದು ಬೆಕ್ಕಿದೆ ಎಂದಿದ್ದೀರಿ. ಹೊಸದನ್ನು ಎರಡು ವಾರ ಬೇರೆ ಕೋಣೆಯಲ್ಲಿ, ಬೇರೆ ತಟ್ಟೆ, ಮಲಮೂತ್ರಕ್ಕೆ ಬೇರೆ ಲಿಟರ್ ಟ್ರೇಯೊಂದಿಗೆ ಇಡಿ. ತರುವ ಮೊದಲು, ಬೆಕ್ಕಿನಿಂದ ಬೆಕ್ಕಿಗೆ ಹರಡುವ ಎಫ್‌ಐವಿ ಮತ್ತು ಫೆಲೈನ್ ಲ್ಯುಕೀಮಿಯಾ ಎಂಬ ಎರಡು ವೈರಾಣುಗಳ ರಕ್ತ ಪರೀಕ್ಷೆ ಕೇಳಿ. ಮೊದಲು ಒಂದರ ಬಟ್ಟೆಯನ್ನು ಇನ್ನೊಂದು ಮೂಸಲಿ, ಆಮೇಲೆ ಮುಚ್ಚಿದ ಬಾಗಿಲಿನ ಎರಡು ಬದಿಗೆ ಊಟ ಹಾಕಿ, ಆಮೇಲೆ ಬಾಗಿಲು ಓರೆ ಮಾಡಿ. ಎರಡು ಬೆಕ್ಕಿಗೆ ಮೂರು ಟ್ರೇ ಬೇಕು.

ಪ್ರಶ್ನೆ: ಮಗಳು ಬಾಣಂತನಕ್ಕೆ ಬರುವವಳಿದ್ದಾಳೆ, ಈಗ ಆರು ತಿಂಗಳು. ಹೋದ ವರ್ಷ ದತ್ತು ತಂದ ಬೆಕ್ಕನ್ನು ಬಿಟ್ಟುಬಿಡಿ, ಮಗುವಿಗೆ ತೊಂದರೆ ಎಂದು ಬೀಗರು ಹೇಳುತ್ತಿದ್ದಾರೆ.
(ಶಿವಮೊಗ್ಗ)

ಉತ್ತರ: ಬಿಡಬೇಕಿಲ್ಲ. ಬೀಗರ ಭಯಕ್ಕೆ ಕಾರಣವಿಲ್ಲದಿಲ್ಲ, ಟೊಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಬೆಕ್ಕಿನ ಮಲದಲ್ಲಿ ಬರಬಹುದು, ಗರ್ಭಿಣಿಗೆ ಮೊದಲ ಸಲ ತಗುಲಿದರೆ ಮಗುವಿಗೆ ಅಪಾಯ. ಆದರೆ ಬೆಕ್ಕು ಅದನ್ನು ಹೊರಹಾಕುವುದು ತನಗೆ ಮೊದಲು ಸೋಂಕಾದಾಗ, ಅದೂ ಒಂದೆರಡು ವಾರ. ಹೊರಬಿದ್ದದ್ದು ಸೋಂಕು ತಗುಲಿಸುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು. ದಿನವೂ ಟ್ರೇ ಬಳಿದರೆ ಅಪಾಯ ಬಹುಪಾಲು ಹೋಯಿತು. ಆ ಕೆಲಸವನ್ನು ಮಗಳು ಮಾಡದಿರಲಿ, ನೀವು ಕೈಗವಸು ಹಾಕಿ ಮಾಡಿ. ಬೆಕ್ಕಿಗೆ ಹಸಿ ಮಾಂಸ ಬೇಡ, ಹೊರಗೆ ಬಿಡಬೇಡಿ. ಸೊಪ್ಪು ತರಕಾರಿ ಚೆನ್ನಾಗಿ ತೊಳೆಯದಿರುವುದು, ಅರೆಬೆಂದ ಮಾಂಸ, ಬರಿಗೈಲಿ ತೋಟದ ಮಣ್ಣು ಕೆದಕುವುದು, ಈ ದಾರಿಗಳಲ್ಲೂ ಇದೇ ಸೋಂಕು ಬರುತ್ತದೆ, ಅತ್ತ ಯಾರ ಗಮನವೂ ಹೋಗುವುದಿಲ್ಲ. ಮಗಳ ರಕ್ತ ಪರೀಕ್ಷೆಯ ಬಗ್ಗೆ ಅವಳ ವೈದ್ಯರನ್ನು ಕೇಳಿ. ಮಗು ಹುಟ್ಟಿದ ಮೇಲೆ ಮಗು ಮಲಗುವ ಕೋಣೆಯ ಬಾಗಿಲು ಹಾಕಿರಲಿ.

ಪ್ರಶ್ನೆ: ನಮ್ಮ ರಸ್ತೆಯಲ್ಲೇ ಬೆಳೆದ ನಾಯಿಯನ್ನು ಮನೆಗೆ ಸೇರಿಸಿಕೊಳ್ಳಬಹುದೇ? ಕಿವಿ ತುದಿ ಕತ್ತರಿಸಿದೆ. ಆಶ್ರಯಧಾಮದಲ್ಲಿ ಬಿಟ್ಟು ಅಲ್ಲಿಂದ ದತ್ತು ಪಡೆಯಬೇಕೇ?
(ಮೈಸೂರು)

ಉತ್ತರ: ಕಿವಿಯ ಆ ಗುರುತು ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಎಂಬುದಕ್ಕೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಅದಕ್ಕೆಂದು ಹಿಡಿದ ಬೀದಿನಾಯಿಯನ್ನು ಶಸ್ತ್ರಚಿಕಿತ್ಸೆ, ರೇಬೀಸ್ ಲಸಿಕೆ ಮುಗಿಸಿ ಹಿಡಿದ ಜಾಗಕ್ಕೇ ಬಿಡುತ್ತಾರೆ. ಆರೋಗ್ಯವಾಗಿರುವ ನಾಯಿಯನ್ನು ಆಶ್ರಯಧಾಮಕ್ಕೆ ಒಯ್ದರೆ ಗಾಯಗೊಂಡ ಇನ್ನೊಂದರ ಜಾಗ ಹೋಗುತ್ತದೆ, ಬೇಡ. ಪಾಲಿಕೆಯ ಪಶುಪಾಲನಾ ವಿಭಾಗಕ್ಕೆ ದತ್ತು ಪಡೆಯುವುದಾಗಿ ಅರ್ಜಿ ಕೊಡಿ. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಕೂಡ, ಪ್ರಾಣಿಪ್ರಿಯರು ಸ್ಥಳೀಯ ಸಂಸ್ಥೆಗೆ ಅರ್ಜಿ ಹಾಕಿ ಬೀದಿನಾಯಿ ದತ್ತು ಪಡೆಯಬಹುದು, ಆದರೆ ಹಾಗೆ ಪಡೆದದ್ದು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವ ಹೊಣೆ ಅವರದು ಎಂದಿದೆ.

ವಯಸ್ಸು ನೋಡಿಕೊಳ್ಳಿ. ಹತ್ತು ಮನೆಯ ಅನ್ನ ಉಂಡು, ಇಡೀ ರಸ್ತೆಯನ್ನೇ ತನ್ನದಾಗಿಸಿಕೊಂಡ ಐದಾರು ವರ್ಷದ ನಾಯಿಗೆ ಫ್ಲ್ಯಾಟ್ ಎಂದರೆ ಸೆರೆಮನೆ. ಅದು ರಾತ್ರಿ ನಿಮ್ಮ ವರಾಂಡದಲ್ಲಿ ಮಲಗಲು ತಾನಾಗಿ ಬರುತ್ತಿದ್ದರೆ, ಬಾಗಿಲು ಹಾಕಿದಾಗಲೂ ಗಾಬರಿಯಾಗದಿದ್ದರೆ ಮುಂದುವರಿಯಿರಿ. ಇಲ್ಲವಾದರೆ ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ಹಾಕಿಸಿ, ಹೊತ್ತಿಗೆ ಊಟ ಹಾಕಿ, ಅದು ಇದ್ದಲ್ಲೇ ಇರಲಿ. ತರುವ ಯತ್ನದಲ್ಲಿ ಹಲ್ಲು ತಾಗಿದರೆ, ಪರಚಿದರೂ ಸರಿ, ಹರಿಯುವ ನೀರು ಮತ್ತು ಸೋಪಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ. ಮರಿ ಕಚ್ಚಿದರೆ ರೇಬೀಸ್ ಬರುವುದಿಲ್ಲ ಎಂಬುದು ಸುಳ್ಳು.

ಪ್ರಶ್ನೆ: ಅಪಾರ್ಟ್‌ಮೆಂಟ್ ಸಂಘದವರು ನಾಯಿ ಸಾಕುವಂತಿಲ್ಲ, ಲಿಫ್ಟ್ ಬಳಸುವಂತಿಲ್ಲ ಎಂದು ನಿರ್ಣಯ ಮಾಡಿದ್ದಾರೆ.
(ಹುಬ್ಬಳ್ಳಿ)

ಉತ್ತರ: ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಬಹುಮತದಿಂದಲೂ ಸಂಘ ಸಾಕುಪ್ರಾಣಿ ನಿಷೇಧಿಸುವಂತಿಲ್ಲ, ಲಿಫ್ಟ್ ತಡೆಯುವಂತಿಲ್ಲ. ಅದರ ಪ್ರತಿ ಲಗತ್ತಿಸಿ ಸಂಘಕ್ಕೆ ಲಿಖಿತವಾಗಿ ಬರೆಯಿರಿ, ರೇಬೀಸ್ ಪ್ರಮಾಣಪತ್ರ, ಪಾಲಿಕೆ ಪರವಾನಗಿ ಜತೆಗಿಡಿ. ಬಾಡಿಗೆದಾರರಿಗೆ ಮಾಲೀಕರ ಕರಾರು ಬೇರೆ, ಅದಕ್ಕೆ ಈ ಮಾರ್ಗಸೂಚಿ ಆಗಿಬರುವುದಿಲ್ಲ. ಹಗ್ಗವಿಲ್ಲದೆ ಬಿಡದಿರುವುದು, ಹೇಲು ಎತ್ತುವುದು ನಿಮ್ಮ ಕೆಲಸ. ಇವೆರಡನ್ನು ಪಾಲಿಸಿದವರ ಮೇಲೆ ದೂರು ಬರುವುದು ಅಪರೂಪ.

ಪ್ರಶ್ನೆ: ತಂದ ನಾಯಿಯ ಮೈತುಂಬ ಉಣುಗು. ಪುಡಿ ಹಾಕಿದರೂ ವಾರಕ್ಕೆ ಮತ್ತೆ ಹತ್ತುತ್ತವೆ. ಮನೆಯ ಬೆಕ್ಕಿಗೂ ಅದೇ ಪುಡಿ ಹಾಕಬಹುದೇ?
(ಬಳ್ಳಾರಿ)

ಉತ್ತರ: ಬೆಕ್ಕಿಗೆ ಹಾಕಬೇಡಿ. ನಾಯಿಯ ಎಷ್ಟೋ ಔಷಧಿಗಳಲ್ಲಿರುವ ಪರ್ಮೆತ್ರಿನ್ ಬೆಕ್ಕನ್ನು ನಡುಕ ಬರಿಸಿ ಕೊಲ್ಲುತ್ತದೆ. ಜ್ವರಕ್ಕೆಂದು ಕೊಡುವ ಪ್ಯಾರಾಸಿಟಮಾಲ್ ಕೂಡ ಹಾಗೇ, ಒಂದು ಮಾತ್ರೆ ಸಾಕು.

ಉಣುಗು ಮರಳಿ ಬರುವುದು ನಾಯಿಯಿಂದಲ್ಲ, ಗೋಡೆಯಿಂದ. ರಕ್ತ ಕುಡಿದ ಹೆಣ್ಣು ಕೆಳಗಿಳಿದು ಗೋಡೆ ಬಿರುಕು, ಬಾಗಿಲ ಚೌಕಟ್ಟಿನ ಸಂದಿಯಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಪಶುವೈದ್ಯರು ತೂಕ ನೋಡಿ ಬರೆದುಕೊಡುವ ಉಣುಗಿನ ಮಾತ್ರೆ, ಬಗೆಗೆ ತಕ್ಕಂತೆ, ಒಂದು ಅಥವಾ ಮೂರು ತಿಂಗಳು ಕೆಲಸ ಮಾಡುತ್ತದೆ. ಫಿಟ್ಸ್ ಬಂದ ಚರಿತ್ರೆ ಇದ್ದರೆ ಮೊದಲೇ ಹೇಳಿ. ಜತೆಗೆ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿಸಿ, ಮಲಗುವ ಬಟ್ಟೆಯನ್ನು ವಾರಕ್ಕೊಮ್ಮೆ ಕುದಿನೀರಿನಲ್ಲಿ ಅದ್ದಿ. ಉಣುಗಿದ್ದ ನಾಯಿಗೆ ರಕ್ತದ ಪರೀಕ್ಷೆ ಮಾಡಿಸಲೇಬೇಕು, ಪ್ಲೇಟ್‌ಲೆಟ್ ಎಣಿಕೆ ಸಮೇತ. ಊಟ ಬಿಡುವುದು, ಬಿಳಿಚಿದ ಒಸಡು, ಮೂಗಿನಿಂದ ರಕ್ತ ಇವು ಉಣುಗು ಜ್ವರದ ಲಕ್ಷಣ. ಈ ಜ್ವರ ತರುವ ಎರ್ಲಿಕಿಯಾ ಎಂಬ ರೋಗಾಣುವಿಗೆ ಡಾಕ್ಸಿಸೈಕ್ಲಿನ್ ಮಾತ್ರೆ ಸುಮಾರು ನಾಲ್ಕು ವಾರ ಕೊಡುತ್ತಾರೆ. ನಾಲ್ಕನೇ ದಿನವೇ ನಾಯಿ ಲವಲವಿಕೆಯಾಗುತ್ತದೆ, ಮಾತ್ರೆ ನಿಲ್ಲಿಸಿಬಿಡುತ್ತಾರೆ, ಕೆಲವು ತಿಂಗಳಿಗೆ ರೋಗ ತಿರುಗಿ ಬರುತ್ತದೆ.

ಪ್ರಶ್ನೆ: ಮುಂದಿನ ವರ್ಷ ಕೆಲಸಕ್ಕೆ ಜರ್ಮನಿಗೆ ಹೋಗುವ ಸಾಧ್ಯತೆ ಇದೆ. ಈಗ ನಾಯಿ ದತ್ತು ತಂದರೆ ಜತೆಗೆ ಒಯ್ಯಬಹುದೇ?
(ಬೆಂಗಳೂರು)

ಉತ್ತರ: ಒಯ್ಯಬಹುದು, ಆದರೆ ಕ್ರಮ ತಪ್ಪಬಾರದು. ಮೊದಲು ಮೈಕ್ರೋಚಿಪ್, ಆಮೇಲೆ ರೇಬೀಸ್ ಲಸಿಕೆ. ಚಿಪ್ಪಿಗೆ ಮುಂಚೆ ಹಾಕಿಸಿದ ಲಸಿಕೆಯನ್ನು ಯುರೋಪಿಯನ್ ಒಕ್ಕೂಟ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆಶ್ರಯಧಾಮದಲ್ಲಿ ಆದದ್ದಿದ್ದರೂ ಮತ್ತೆ ಹಾಕಿಸಬೇಕು. ಲಸಿಕೆಯಾಗಿ 30 ದಿನ ಕಳೆದ ಮೇಲೆ ರಕ್ತದ ಮಾದರಿ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಹೋಗಬೇಕು, ರೇಬೀಸ್ ವಿರುದ್ಧದ ಪ್ರತಿಕಾಯ ಮಿಲಿಲೀಟರಿಗೆ 0.5 ಐಯು (ಅಂತರರಾಷ್ಟ್ರೀಯ ಘಟಕ) ಅಥವಾ ಹೆಚ್ಚಿರಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಎಲ್ಲ ಸರಿಹೋದರೂ ನಾಲ್ಕು ತಿಂಗಳಿಗೆ ಕಡಿಮೆ ಆಗುವುದಿಲ್ಲ, ಆರು ತಿಂಗಳು ಇಟ್ಟುಕೊಳ್ಳಿ. ವೀಸಾ ಬಂದ ಮೇಲೆ ಶುರುಮಾಡಿದವರು ನಾಯಿ ಬಿಟ್ಟು ಹೋಗುತ್ತಾರೆ. ಅರ್ಜಿಯಲ್ಲಿ ಜರ್ಮನಿ ವಿಷಯ ಮುಚ್ಚಿಡಬೇಡಿ.

ಪ್ರಶ್ನೆ: ದತ್ತು ನಾಯಿ ಮಗನನ್ನು ಎರಡು ಸಲ ಗದರಿಸಿತು. ವಾಪಸ್ ಕೊಟ್ಟರೆ ಪಾಪ ಅನಿಸುತ್ತದೆ, ಇಟ್ಟುಕೊಳ್ಳಲು ಭಯ.
(ಚಿತ್ರದುರ್ಗ)

ಉತ್ತರ: ಗದರಿಸುವುದು ಕಚ್ಚುವುದಕ್ಕೆ ಮೊದಲಿನ ಎಚ್ಚರಿಕೆ. ಅದಕ್ಕೆ ಹೊಡೆದರೆ ಎಚ್ಚರಿಕೆ ನಿಲ್ಲುತ್ತದೆ, ಮುಂದಿನ ಸಲ ನೇರ ಕಚ್ಚುತ್ತದೆ. ಮಗ ಏನು ಮಾಡುತ್ತಿದ್ದಾಗ ಎಂದು ಬರೆದಿಲ್ಲ. ಉಣ್ಣುವಾಗ, ಮಲಗಿದ್ದಾಗ ಹತ್ತಿರ ಹೋಗಿದ್ದರೆ ಇಂದಿನಿಂದಲೇ ಊಟ ಬೇರೆ ಕೋಣೆಯಲ್ಲಿ, ಮಲಗುವ ಜಾಗ ಮಗನ ಓಡಾಟದಿಂದ ದೂರ. ನೀವು ಎದುರಿಲ್ಲದೆ ಇಬ್ಬರನ್ನೂ ಒಟ್ಟಿಗೆ ಬಿಡಬೇಡಿ. ಪಶುವೈದ್ಯರಿಂದ ಕಿವಿ, ಹಲ್ಲು, ಸೊಂಟ ನೋಡಿಸಿ: ನೋವಿರುವ ನಾಯಿ ಮುಟ್ಟಿಸಿಕೊಳ್ಳುವುದಿಲ್ಲ. ಯಾವ ಕಾರಣವೂ ಇಲ್ಲದೆ, ಮಗ ಸುಮ್ಮನೆ ಕೋಣೆ ದಾಟುವಾಗ ಗದರಿಸಿದ್ದರೆ ಈ ವಾರವೇ ದತ್ತು ಕೊಟ್ಟವರಿಗೆ ಫೋನ್ ಮಾಡಿ ಮರಳಿಸಿ. ಆಗ ಯಾವ ಹೊತ್ತಿನಲ್ಲಿ, ಎಷ್ಟು ದೂರದಿಂದ, ಹೇಗೆ ಗದರಿಸಿತು ಎಂದು ಬರೆದುಕೊಡಿ. ಆ ಚೀಟಿ ನೋಡಿ ಅವರು ಅದನ್ನು ಮಕ್ಕಳಿಲ್ಲದ ಮನೆಗೆ ಕೊಡುತ್ತಾರೆ.